ಡಬ್ಬಿಯಲ್ಲಿ ತಂಗಿ ಇಟ್ಟುಹೋದ ಮಾತು

ಸತ್ತ ಮಗಳ ಮನೆಯಿಂದ ಟಿವಿ ಎತ್ತಿಕೊಂಡು ಹೋದವರು ಎಂದು ದೇವದುರ್ಗದ ಆ ಓಣಿಯಲ್ಲಿ ಇವತ್ತಿಗೂ ನಮ್ಮನ್ನು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ಊರ ಬಾಯಿಗೆ ಮುಚ್ಚಳ ಹಾಕಲು ಯಾರಿಂದಾದೀತು? ಮಕ್ಕಳಿಲ್ಲದೆ ತೀರಿಕೊಂಡ ಹೆಣ್ಣಿನ ಸಾಮಾನನ್ನು ತವರಿನವರು ವಾಪಸ್ ತರುವುದು ನಮ್ಮ ಮಂದಿಯಲ್ಲಿ ನಡೆದುಕೊಂಡು ಬಂದ ರೀತಿ. ಅವರ ಮನೆಯ ಹೆಣ್ಣು ಹೋಗಿದ್ದರೆ ಅವರೂ ಅದನ್ನೇ ಮಾಡುತ್ತಿದ್ದರು. ನನಗೆ ಹೊಟ್ಟೆ ಉರಿಯುವುದು ಆ ಮಾತಿಗಲ್ಲ. ಟಿವಿ, ಅದರ ಸೆಟ್‌ಟಾಪ್ ಡಬ್ಬಿ, ವೈರು, ರಿಮೋಟು ಎಲ್ಲವನ್ನೂ ಹೊತ್ತು ತಂದ ನಾವು, ಆ ಡಬ್ಬಿಯಲ್ಲಿದ್ದ ತಂಗಿಯ ಮಾತಿನ ಬೀಗದ ಕೈಯನ್ನು ಮಾತ್ರ ಅವರ ಕಟ್ಟೆಯ ಮೇಲೆ ಎಸೆದು ಬಂದೆವಲ್ಲ, ಅದಕ್ಕೆ.

ನಾನು ರಾಯಚೂರಿನ ಒಂದು ಶಾಲೆಯಲ್ಲಿ ಟೀಚರು. ಅವ್ವ ಇರುವುದು ಮಾನ್ವಿಯಲ್ಲಿ, ಸೋದರಮಾವನ ಮನೆಯ ಪಕ್ಕದಲ್ಲಿ. ಕಾಲುವೆ ನೀರಿನ ಗದ್ದೆಗಳಿಗೆ ಭತ್ತದ ನಾಟಿ ಹಚ್ಚಲು ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅಪ್ಪ ನಾವು ಸಣ್ಣವರಿದ್ದಾಗಲೇ ಹೋದ. ಕೆಸರಿನಲ್ಲಿ ನಿಂತು ಬಗ್ಗಿದ ಬೆನ್ನಿನಿಂದ ಒಂದು ಮಗುವನ್ನು ಓದಿಸಬಹುದು, ಎರಡನ್ನು ಓದಿಸಲು ಆಗುವುದಿಲ್ಲ. ಅವ್ವ ನನ್ನನ್ನು ಬಿ.ಎಡ್. ಮುಗಿಸಿದಳು, ತಂಗಿಯನ್ನು ಪಿಯುಸಿ ಆದ ಕೂಡಲೇ ದೇವದುರ್ಗಕ್ಕೆ ಕೊಟ್ಟಳು. ಓದಿನಲ್ಲಿ ತಂಗಿ ನನಗಿಂತ ಚುರುಕು. ನಾನು ಮೊದಲು ಹುಟ್ಟಿದ್ದೆ, ಅಷ್ಟೆ.

ಮದುವೆಯಲ್ಲಿ ಮಂಚ, ತಿಜೋರಿ, ಪಾತ್ರೆಗಳ ಜೊತೆಗೆ ಅವ್ವ ಒಂದು ಟಿವಿಯನ್ನೂ ಕೊಟ್ಟಳು. ಜೊತೆಗೆ ಮಾಳಿಗೆಯ ಮೇಲೆ ಕೂರಿಸುವ ಒಂದು ಡಿಶ್ ಛತ್ರಿ, ಒಂದು ಡಬ್ಬಿ. ಸಾದಾ ಡಬ್ಬಿಯಲ್ಲ, ಕಾರ್ಯಕ್ರಮಗಳನ್ನು ಹಿಡಿದಿಟ್ಟುಕೊಳ್ಳುವ ಡಬ್ಬಿ. ಕೆಲಸದ ಹೊತ್ತಿನಲ್ಲಿ ಬರುವ ಧಾರಾವಾಹಿಯನ್ನು ರೆಕಾರ್ಡಿಗೆ ಇಟ್ಟು, ಬೇಕಾದಾಗ ಹಚ್ಚಿಕೊಂಡು ನೋಡಬಹುದು ಎಂದು ಅಂಗಡಿಯವನು ವರ್ಣಿಸಿದ್ದ. ಮಗಳಿಗೆ ಜಬರ್ದಸ್ತ್ ಸಾಮಾನು ಕೊಟ್ಟೆ ಎಂದು ಅವ್ವ ಎದೆಯುಬ್ಬಿಸಿ ಮಂದಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಗಂಡನ ಮನೆಗೆ ಹೊರಡುವಾಗ ತಂಗಿ ಅಳಲಿಲ್ಲ. ಟೆಂಪೊದಲ್ಲಿ ಏರಿಸಿದ ಸಾಮಾನನ್ನೊಮ್ಮೆ ನೋಡಿ ಅವ್ವನಿಗೆ ಇಷ್ಟೇ ಅಂದಳು:

"ಅಕ್ಕಗ ಪುಸ್ತಕ ಕೊಟ್ಟಿ. ನನಗ ಟಿವಿ ಕೊಟ್ಟಿ."

ಅವ್ವ ಆ ಮಾತನ್ನು ಮರೆಯಲಿಲ್ಲ. ತಂಗಿ ಆಮೇಲೆ ಹಬ್ಬಕ್ಕೆ ಬಂದಳು, ಹೋದಳು, ನಕ್ಕಳು, ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಎತ್ತದೆ ಇದ್ದದ್ದಕ್ಕೇ ಅದು ಇಬ್ಬರ ನಡುವೆ ಹಾಗೇ ಉಳಿಯಿತು. ಅವ್ವ ನನ್ನ ಹತ್ತಿರ ಎಷ್ಟೋ ಸಲ ಕೇಳಿದ್ದುಂಟು, "ಆಕಿಗೆ ನನ್ನ ಮ್ಯಾಲಿನ ಸಿಟ್ಟು ಇಳಿದದೇನ?" ನಾನು "ಆಕೀನ್ನೇ ಕೇಳು" ಅನ್ನುತ್ತಿದ್ದೆ. ಅವ್ವ ಕೇಳುವವಳಲ್ಲ, ಇವಳು ಹೇಳುವವಳಲ್ಲ. ತಾಯಿಗೆ ತಕ್ಕ ಮಗಳು.

ಹೀಗಿರುವಾಗ ಒಂದು ಸಣ್ಣ ಕನ್ನಡ ಚಾನೆಲ್ಲಿನವರು ಊರೂರು ತಿರುಗಿ ಹೆಂಗಸರ ಅಡುಗೆ ತೋರಿಸುವ ಕಾರ್ಯಕ್ರಮ ಮಾಡುತ್ತ ರಾಯಚೂರಿಗೆ ಬಂದರು. ದೇವದುರ್ಗದ ಮಹಿಳಾ ಸಂಘದಿಂದ ತಂಗಿ ಆರಿಸಿ ಬಂದಳು. ಹಿಂದಿನ ದಿನ ನಮ್ಮ ಮನೆಗೇ ಬಂದು ಉಳಿದಳು. ಸಜ್ಜಿ ಹಿಟ್ಟು, ಪುಂಡಿಪಲ್ಯದ ಕಟ್ಟು ಎಲ್ಲ ತಂದಿದ್ದಳು, ಉಡಲು ಒಳ್ಳೆಯ ಸೀರೆ ಮಾತ್ರ ತಂದಿರಲಿಲ್ಲ. ನನ್ನ ಹಸಿರು ಇಳಕಲ್ ಸೀರೆಯನ್ನು ಕೇಳದೆಯೇ ತೆಗೆದುಕೊಂಡು ಉಟ್ಟು, ಕನ್ನಡಿ ಮುಂದೆ ನಿಂತು, "ನಿನಗಿಂತ ನನಗೇ ಚೆಂದ ಕಾಣ್ತದ ಬಿಡು" ಅಂದಳು. ನಿಜವೇ. ಶೂಟಿಂಗ್ ಮುಗಿಸಿ ಬಂದ ಮೇಲೆ ಏನೇನು ಕೇಳಿದರು ಅಂದದ್ದಕ್ಕೆ, "ಅಡಗಿ ಯಾರು ಕಲಿಸಿದ್ರು ಅಂದ್ರು, ಅವ್ವನ ಬಗ್ಗಿ ಭಾಳ ಮಾತಾಡಿದೆ" ಅಂದಳು. ಏನು ಮಾತಾಡಿದೆ ಎಂದರೆ ಬಾಯಿ ಬಿಡಲಿಲ್ಲ. "ಟಿವ್ಯಾಗ ಬಂದಾಗ ನೋಡ್ರಿ."

ಅದು ಟಿವಿಯಲ್ಲಿ ಬಂದದ್ದು ಒಂದು ಮಧ್ಯಾಹ್ನ. ನಾನು ತರಗತಿಯಲ್ಲಿದ್ದೆ. ಅವ್ವ ಗದ್ದೆಯಲ್ಲಿದ್ದಳು. ತಂಗಿ ತನ್ನ ಡಬ್ಬಿಯಲ್ಲಿ ರೆಕಾರ್ಡಿಗೆ ಇಟ್ಟು, ಸಂಜೆ ಅವ್ವನಿಗೆ ಫೋನ್ ಹಚ್ಚಿದಳು. ಆ ಮಾತುಕತೆಯನ್ನು ಅವ್ವ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನೇ ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಹಾಗಿದೆ.

"ನಿನ್ನ ಬಗ್ಗಿ ಟಿವ್ಯಾಗ ಮಾತಾಡೀನಿ ಯವ್ವಾ."

"ಬೈದಿಯೇನ?"

"ಬಂದು ನೋಡು. ಡಬ್ಬ್ಯಾಗ ಇಟ್ಟೀನಿ. ನಾನೇ ಹಚ್ಚಿ ತೋರಸ್ತೀನಿ, ಅಲ್ಲೀತನ ಇಲ್ಲಿ ಯಾರಿಗೂ ಮುಟ್ಟಗೊಡಂಗಿಲ್ಲ."

"ನಾಟಿ ಮುಗೀಲಿ, ಬರ್ತೀನಿ."

ನಾಟಿ ಮುಗಿಯುವ ಮೊದಲೇ ತಂಗಿಗೆ ಡೆಂಗಿ ಜ್ವರ ಬಂತು. ಮೊದಲು ಅಲ್ಲೇ ದೇವದುರ್ಗದಲ್ಲಿ ತೋರಿಸಿದರು, ಆಮೇಲೆ ರಾಯಚೂರಿಗೆ ತಂದರು. ಆಸ್ಪತ್ರೆಯವರು ಕೈಲಾದದ್ದನ್ನೆಲ್ಲ ಮಾಡಿದರು. ರಕ್ತ ಕೊಡಲು ನನ್ನ ಶಾಲೆಯ ಮಾಸ್ತರರು ಸಾಲಾಗಿ ನಿಂತಿದ್ದರು. ಆದರೂ ಉಳಿಯಲಿಲ್ಲ. ಗಂಡ ಒಂದು ದಿನ ಮೊದಲೇ ರಾಯಚೂರಿಗೆ ಕರೆತಂದಿದ್ದರೆ ಉಳಿಯುತ್ತಿದ್ದಳು ಎಂದು ಅವ್ವ ಹಟ ಹಿಡಿದಳು. ಡಾಕ್ಟರು ಹಾಗೆ ಹೇಳಿರಲಿಲ್ಲ. ಆದರೆ ಮಗಳನ್ನು ಕಳೆದುಕೊಂಡವಳಿಗೆ ಬೈಯಲು ಯಾರಾದರೊಬ್ಬರು ಬೇಕಲ್ಲ. ಆ ಹುಡುಗ ತಲೆ ತಗ್ಗಿಸಿ ಬೈಸಿಕೊಂಡ.

ಮಣ್ಣು ಮಾಡಿದ ದಿನದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಕೂತು ಹಾಡಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ತಿಂದದ್ದು, ಉಟ್ಟದ್ದು, ಆಡಿದ ಮಾತು ಎಲ್ಲವೂ ಆ ಅಳುವಿನಲ್ಲಿ ಬರುತ್ತವೆ. ಅವ್ವ ಅದರಲ್ಲಿ ಹೆಸರಾದವಳು. ಬೇರೆಯವರ ಮನೆಯ ಸಾವಿಗೂ ಅವಳನ್ನು ಕರೆಯುತ್ತಿದ್ದರು. ಅವಳು ಬಂದು ಒಂದೆಳೆ ಎತ್ತಿದರೆ, ಅಳದೆ ಬಿಗಿದುಕೊಂಡು ಕೂತ ಗಂಡಸರೂ ಮುಖ ಮುಚ್ಚಿಕೊಳ್ಳುತ್ತಿದ್ದರು. ಆದರೆ ನಾವೀಗ ಬುದ್ಧನ ಪಟ ಇಟ್ಟುಕೊಂಡ ಮನೆಯವರು. ಸೋದರಮಾವ ನೌಕರಿ ಮಾಡಿ ನಿವೃತ್ತನಾದವನು, ಸಮಾಜದಲ್ಲಿ ಮುಂದೆ ನಿಂತು ಮಾತಾಡುವವನು. ಅವ್ವ ಬಾಯಿ ತೆರೆಯುತ್ತಿದ್ದ ಹಾಗೇ ಅವನು ಹತ್ತಿರ ಬಂದು, "ಬ್ಯಾಡಬೇ ಯಕ್ಕ. ನಾವು ಇದೆಲ್ಲಾ ಬಿಟ್ಟೀವಿ. ಶಾಂತದಿಂದ ವಂದನಾ ಮಾಡೋಣು" ಅಂದ. ಮೇಣದಬತ್ತಿ ಹಚ್ಚಿದರು. ಅವ್ವ ಸೆರಗಿನ ಚುಂಗನ್ನು ಬಾಯಲ್ಲಿ ತುರುಕಿಕೊಂಡು ಕೂತಳು. ಎಲ್ಲ ಮುಗಿಯುವ ತನಕ ಅದನ್ನು ತೆಗೆಯಲಿಲ್ಲ. ಮಾವ ಹೇಳಿದ್ದು ತಪ್ಪೆಂದು ನಾನು ಅನ್ನುವುದಿಲ್ಲ, ಬೇರೆಯವರ ಮನೆಯಲ್ಲಿ ನಾನೂ ಅದನ್ನೇ ಹೇಳಿಯೇನು. ಆದರೆ ಅವ್ವನ ಮುಖ ನೋಡಿದರೆ, ಅಳುವನ್ನು ಒಳಗೇ ನುಂಗಿದವಳ ಹಾಗಿತ್ತು.

ಕೆಲವು ವಾರಗಳ ಮೇಲೆ ಹಿರಿಯರು ಕೂತು ಮಾತಾಡಿ ಸಾಮಾನು ವಾಪಸ್ ಮಾಡಿದರು. ತಂಗಿಯ ಗಂಡ ಒಂದು ಚಮಚೆಯನ್ನೂ ಇಟ್ಟುಕೊಳ್ಳಲಿಲ್ಲ. ಛತ್ರಿಯನ್ನು ಮಾತ್ರ ಮಾಳಿಗೆಯ ಗೋಡೆಗೆ ಸಿಮೆಂಟು ಹಾಕಿ ಕೂರಿಸಿದ್ದರಿಂದ ಕೀಳಲಾಗಲಿಲ್ಲ. ಟೆಂಪೊಗೆ ಡಬ್ಬಿ ಏರಿಸುವಾಗ ಅದರ ಹೊಟ್ಟೆಯಿಂದ ಒಂದು ಕಾರ್ಡಿನ ಅಂಚು ಹೊರಗೆ ಇಣುಕುತ್ತಿದ್ದದ್ದು ಅವ್ವನ ಕಣ್ಣಿಗೆ ಬಿತ್ತು.

"ಇದು ಯಾರದು?"

"ನನ್ನ ಹೆಸರಿಲೆ ಅದ ಅತ್ತಿ. ತಿಂಗಳಾ ರಿಚಾರ್ಜ್ ನಾನೇ ಮಾಡಸ್ತಿದ್ದೆ. ಇರಲಿ ಬಿಡ್ರಿ, ಅದಿಲ್ಲದ ಡಬ್ಬಿ ನಡಿಯಂಗಿಲ್ಲ."

ಅವ್ವ ಕಾರ್ಡನ್ನು ಕಿತ್ತು ಅವನ ಕಟ್ಟೆಯ ಮೇಲೆ ಒಗೆದಳು.

"ನಮ್ಮದು ನಮಗ, ನಿಂದು ನಿನಗ. ನಿನ್ನ ಹಂಗು ಒಂದು ಹುಲ್ಲುಕಡ್ಡಿದೂ ಬ್ಯಾಡ. ಇನ್ನು ಈ ಹೊಸ್ತಲಾ ನಾ ತುಳಿಯಂಗಿಲ್ಲ."

ಅವನು ಬಗ್ಗಿ ಕಾರ್ಡು ಎತ್ತಿಕೊಂಡ. ಮಾವ ಮೀಸೆ ನೇವರಿಸಿದ. ಹಿರಿಯರೆಲ್ಲ, ಹೌದು, ಹೆಣ್ಣಿನ ತಾಯಿ ಅಂದರೆ ಹೀಗಿರಬೇಕು ಎಂಬಂತೆ ತಲೆಯಾಡಿಸಿದರು. ಹಂಗು ಬೇಡ ಅನ್ನುವುದೇ ನಮಗೆ ಇರುವ ಆಸ್ತಿ. ಬೇರೇನೂ ಇಲ್ಲದವರು ಅದನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಮಾನ್ವಿಯಲ್ಲಿ ಟಿವಿ ಇಟ್ಟು, ಡಬ್ಬಿ ಜೋಡಿಸಿ, ಪಟ್ಟಿ ತೆರೆದರೆ ತಂಗಿ ಹಿಡಿದಿಟ್ಟ ಆ ಕಾರ್ಯಕ್ರಮದ ಹೆಸರು ಕಾಣುತ್ತಿತ್ತು. ಒತ್ತಿದರೆ, ಕಾರ್ಡು ಹಾಕಿ ಎಂಬ ಇಂಗ್ಲಿಷ್ ಸಾಲು. ಅಷ್ಟೇ. ಅವ್ವ ನನ್ನನ್ನು ನೋಡಿದಳು. ನಾನು ಮತ್ತೆ ಮತ್ತೆ ಒತ್ತಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ಶಾಲೆಯಲ್ಲಿ ಎಷ್ಟು ಸಲ ಬರೆಸಿದ್ದೇನೋ, ಅವತ್ತು ಮನೆಯಲ್ಲೇ ನೋಡಿದೆ.

ಚಾನೆಲ್ಲಿಗೆ ಫೋನ್ ಮಾಡಿದೆ. ಅದು ಆಗಲೇ ಮುಚ್ಚಿಹೋಗಿತ್ತು. ಮೊಬೈಲಿನಲ್ಲಿ ಹುಡುಕಿದೆ, ಹಳೆಯ ಕಾರ್ಯಕ್ರಮಗಳಲ್ಲಿ ಒಂದೂ ಸಿಗಲಿಲ್ಲ. ಕಾರ್ಡನ್ನು ಕೇಳಿ ತರೋಣ ಎಂದರೆ ಅವ್ವ ಕಣ್ಣು ಕೆಂಪು ಮಾಡಿದಳು. "ಒಗೆದು ಬಂದದ್ದನ್ನ ಮತ್ತ ಬೇಡಿ ತರ್ಲೇನು?"

ಇಷ್ಟಕ್ಕೇ ಬಿಟ್ಟಿದ್ದರೆ ಕಾಲವೇ ಅದನ್ನು ಮುಚ್ಚಿಬಿಡುತ್ತಿತ್ತೇನೋ. ಆದರೆ ಮಾನ್ವಿಯ ನಮ್ಮ ಓಣಿಯಲ್ಲಿ ಆ ಮಧ್ಯಾಹ್ನ ಕಾರ್ಯಕ್ರಮ ನೋಡಿದವರು ಇಬ್ಬರಿದ್ದರು. ಒಬ್ಬಳು ಸೋದರಮಾವನ ಹೆಂಡತಿ. ಅವಳು, "ಭಾಳ ಹೊಗಳಿದಳು, ನಮ್ಮವ್ವನಂಥಾಕಿ ಯಾರೂ ಇಲ್ಲ ಅಂದಳು" ಅನ್ನುತ್ತಿದ್ದಳು. ಇನ್ನೊಬ್ಬಳು ಜಂಪರು ಹೊಲಿಯುವಾಕೆ. ಅವಳಿಗೂ ಅವ್ವನಿಗೂ ಅಷ್ಟಕ್ಕಷ್ಟೆ. ಒಂದು ದಿನ ನೀರಿನ ಜಗಳದಲ್ಲಿ ಆಕೆ ಎಲ್ಲರೆದುರಿಗೆ, "ನಿನ್ನ ಮಗಳೇ ಟಿವ್ಯಾಗ ಹೇಳ್ಯಾಳ, ನಮ್ಮವ್ವ ನನ್ನ ಓದು ಬಿಡಿಸಿದಳು ಅಂತ. ನಾಡಿಗೆಲ್ಲಾ ಗೊತ್ತಾಗ್ಯಾದ" ಅಂದುಬಿಟ್ಟಳು.

ಅವ್ವ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು ಕೂತಳಂತೆ. ನನಗೆ ಫೋನ್ ಬಂತು. "ಹೊಗಳಿದಳೋ, ಬೈದಳೋ? ನನಗ ಗೊತ್ತಾಗಬೇಕವ್ವಾ. ಬೈದಿದ್ರ ಬೈದಳಂತ ತಿಳಕೊಂಡು ಸಾಯ್ತೀನಿ." ಜಂಪರಿನವಳ ನಾಲಿಗೆಯನ್ನು ಕತ್ತರಿಯಿಂದಲೇ ಕತ್ತರಿಸಬೇಕು ಅನಿಸಿತು ನನಗೆ. ಆದರೆ ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಎದೆ ತಟ್ಟಿ ಹೇಳಲೂ ನನ್ನಿಂದಾಗಲಿಲ್ಲ. ತಂಗಿ ಎರಡನ್ನೂ ಹೇಳಿರಬಹುದಿತ್ತು. ಅವಳ ಬಾಯಿ ಹಾಗೇ ಇತ್ತು.

ಡಬ್ಬಿಯನ್ನು ರಾಯಚೂರಿಗೆ ತಂದು ತೀನ್ ಕಂದೀಲಿನ ಹತ್ತಿರದ ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದೆ. ಕಾರ್ಡಿಲ್ಲದೆಯೇ ಒಳಗಿನದನ್ನು ಪೆನ್‌ಡ್ರೈವಿಗೆ ಇಳಿಸಿಕೊಡಿ ಎಂದು ಕೇಳಿದೆ. ಮೆಕ್ಯಾನಿಕ್ಕು ಮುಚ್ಚಳ ತೆರೆದು, ಕಿವಿಯಿಟ್ಟು ಕೇಳಿದ.

"ಇಳಿಸಾಕ ಬರಂಗಿಲ್ಲ ಮೇಡಂ. ಒಳಗಿಂದು ಈ ಡಬ್ಬಿಗಷ್ಟೇ ತಿಳೀತದ, ಅದೂ ಆ ಕಾರ್ಡ್ ಇದ್ರ, ಛತ್ರಿ ವೈರ್ ಹಚ್ಚಿದ್ರ. ಟಿವ್ಯಾಗ ಹಚ್ಚಿ, ಎದುರಿಗೆ ಮೊಬೈಲ್ ಹಿಡ್ಕೊಂಡು ಶೂಟ್ ಮಾಡ್ಕೋರಿ. ಬ್ಯಾರೆ ದಾರಿ ಇಲ್ಲ." ಆಮೇಲೆ ಮುಚ್ಚಳ ಹಾಕುತ್ತ, "ಜಲ್ದಿ ಮಾಡ್ರಿ. ಟೆಂಪೊದಾಗ ಕುಲುಕಿ ಇದರ ದಿಲ್, ಹಾರ್ಡ್‌ಡಿಸ್ಕು, ಹೋಗಾಕ ಬಂದದ. ಹಿಂದ ಮುಂದ ಓಡಸಬ್ಯಾಡ್ರಿ, ಒಂದೇ ಸಲ ಸುಮ್ಮ ನಡಿಯಾಕ ಬಿಡ್ರಿ" ಅಂದ.

ಅಂದರೆ, ಡಬ್ಬಿಯನ್ನು ಹೊತ್ತುಕೊಂಡು ಮತ್ತೆ ದೇವದುರ್ಗಕ್ಕೆ, ಕಾರ್ಡೂ ಛತ್ರಿಯೂ ಇರುವ ಅದೇ ಮನೆಗೆ ಹೋಗಬೇಕು. ತಂಗಿಯ ಗಂಡನಿಗೆ ಫೋನ್ ಮಾಡಿದೆ. ಅವನಿಗೆ ಆಗಲೇ ಎರಡನೆಯ ಮದುವೆಯಾಗಿತ್ತು. ಆ ಕಾರ್ಡು ಅವನ ಕಪಾಟಿನಲ್ಲಿತ್ತು, ರಿಚಾರ್ಜ್ ನಿಲ್ಲಿಸಿರಲಿಲ್ಲ. ಕಾರ್ಯಕ್ರಮವನ್ನು ಅವನೂ ನೋಡಿರಲಿಲ್ಲ. ಆ ಹೊತ್ತು ಅವನು ತನ್ನ ಸೈಕಲ್ ಅಂಗಡಿಯಲ್ಲಿದ್ದ, ಸಂಜೆ ನೋಡೋಣವೆಂದರೆ ತಂಗಿ, "ಅವ್ವ ಬರಲಿ" ಎಂದು ರಿಮೋಟು ಕಸಿದುಕೊಂಡಿದ್ದಳಂತೆ. "ಬರ್ರಿ ಅಕ್ಕಾರ. ಅತ್ತೀನ್ನೂ ಕರಕೊಂಡು ಬರ್ರಿ" ಅಂದ.

ಅವ್ವ ಬರುವುದಿಲ್ಲ ಅಂದುಕೊಂಡಿದ್ದೆ. ನಾನೊಬ್ಬಳೇ ಹೋಗಿ ಮೊಬೈಲಿನಲ್ಲಿ ಹಿಡಿದು ತರುತ್ತೇನೆ ಎಂದೂ ಹೇಳಿದೆ. ಅವಳು ಡಬ್ಬಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಸಿರವಾರ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಬಸ್ಸು ಎಗರಿದಾಗಲೆಲ್ಲ ಅವಳು ಡಬ್ಬಿಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿಯುತ್ತಿದ್ದಳು. ಕಂಡಕ್ಟರು, "ಏನೈತಬೇ ಅದರಾಗ, ತತ್ತಿ ಅದಾವೇನು?" ಎಂದು ಚೇಷ್ಟೆ ಮಾಡಿದ. ಅವ್ವ ಕೌದಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದಳು.

ಹೊಸ್ತಿಲ ಮುಂದೆ ಅವಳು ಒಂದು ಗಳಿಗೆ ನಿಂತಳು. ಹೊಸ ಹೆಂಡತಿ, ಇನ್ನೂ ಹಸಿರು ಬಳೆ ಮಾಸದ ಹುಡುಗಿ, ತಂಬಿಗೆಯಲ್ಲಿ ನೀರು ಹಿಡಿದು, "ಬರ್ರಿ ಯವ್ವಾ" ಅಂದಳು. ಅವ್ವ ಕಾಲು ತೊಳೆದುಕೊಂಡು ಒಳಗೆ ಬಂದಳು. ಗೋಡೆಯ ಮೇಲೆ ತಂಗಿಯ ಫೋಟೊ ಇರಲಿಲ್ಲ. ಇರಬೇಕೆಂದು ಕೇಳುವ ಹಕ್ಕು ನಮಗಿರಲಿಲ್ಲ, ಆದರೂ ನನಗೆ ಕೆಟ್ಟೆನಿಸಿತು.

ತಂಗಿಯ ಗಂಡ ತನ್ನ ಟಿವಿಗೆ ನಮ್ಮ ಡಬ್ಬಿ ಜೋಡಿಸಿ, ಛತ್ರಿಯ ವೈರು ಸಿಕ್ಕಿಸಿ, ಕಾರ್ಡು ಹಾಕಿದ. ಡಬ್ಬಿಯೊಳಗೆ ಕಟ್ ಕಟ್ ಎಂದು ಸದ್ದಾಗಿ ನಿಂತಿತು. ಪಟ್ಟಿ ಬಂತು. ಅವನು ರಿಮೋಟನ್ನು ನನ್ನ ಕೈಗಿಟ್ಟು, "ನಾನು ಹೊರಗ ಇರ್ತೀನ್ರಿ" ಎಂದು ಹೋಗಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ. ಫ್ಯಾನು ಆರಿಸಿದೆವು. ಕಿಟಕಿ ಮುಚ್ಚಿದೆವು. ಬೇಸಿಗೆಯ ಮಧ್ಯಾಹ್ನ, ಒಳಗೆ ಕುದಿಯುವ ಸೆಕೆ. ಅಡುಗೆಮನೆಯ ಹಿಟ್ಟಿನ ಡಬ್ಬಗಳ ಮೇಲೆ ಎರಡು ಪುಸ್ತಕ ಪೇರಿಸಿ ಅದರ ಮೇಲೆ ಮೊಬೈಲು ಆನಿಸಿದೆ. ಧ್ವನಿ ತೀರ ಏರಿಸಿದರೆ ಮೊಬೈಲಿನಲ್ಲಿ ಒಡೆದು ಕೇಳುತ್ತದೆಂದು ಹದವಾಗಿ ಇಟ್ಟೆ. ಪಾಠ ಶುರುಮಾಡುವ ಮುನ್ನ ಮಕ್ಕಳಿಗೆ ಹೇಳುವ ಹಾಗೆ ಅವ್ವನಿಗೂ ಆ ಹುಡುಗಿಗೂ ಹೇಳಿದೆ:

"ಮುಗಿಯೂತನ ಯಾರೂ ಪಿಟ್ ಅನ್ನಬಾರದು. ಯವ್ವಾ, ನಿನಗೇ ಹೇಳಾಕತ್ತೀನಿ. ಇದರಾಗ ನಮ್ಮ ಮಾತೂ ಬೀಳ್ತದ."

ಅವ್ವ ಹೂಂ ಎಂದು ತಲೆಯಾಡಿಸಿದಳು. ಸೆರಗಿನ ಚುಂಗನ್ನು ಬಾಯಲ್ಲಿ ತುರುಕಿಕೊಂಡಳು, ಅವತ್ತಿನ ಹಾಗೇ.

ಒತ್ತಿದೆ. ಜಾಹೀರಾತು, ಹಾಡು, ನಿರೂಪಕಿಯ ನಗು. ಆಮೇಲೆ ನನ್ನ ಹಸಿರು ಸೀರೆಯಲ್ಲಿ ತಂಗಿ. ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದಾಳೆ. ಕ್ಯಾಮೆರಾ ನೋಡುವುದೋ ಬೇಡವೋ ಗೊತ್ತಾಗದೆ ಓರೆಗಣ್ಣು ಮಾಡುತ್ತಿದ್ದಾಳೆ. ಸಜ್ಜಿ ರೊಟ್ಟಿ ಬಡಿಯುವಾಗ ಬಳೆ ಮೇಲೇರಿಸಿದ ರೀತಿ, ರೊಟ್ಟಿ ತಿರುವುವಾಗ ಕೆಳತುಟಿ ಕಚ್ಚಿದ ರೀತಿ ಅವ್ವನದೇ. ನಾನು ಅದನ್ನು ಅವತ್ತೇ ಮೊದಲು ಕಂಡೆ. ಅವಳು ಬದುಕಿದ್ದಾಗ ನಾನು ಅವಳು ರೊಟ್ಟಿ ಬಡಿಯುವುದನ್ನು ಕೂತು ನೋಡಿದ್ದಾದರೂ ಎಲ್ಲಿ? ಅವ್ವ ಅಲ್ಲಾಡದೆ ಕೂತಿದ್ದಳು. ಹೊಸ ಹುಡುಗಿ ಟಿವಿಯ ಪಕ್ಕ ಗೋಡೆಗೆ ಒರಗಿ, ತನ್ನ ಅಡುಗೆಮನೆಯಲ್ಲಿ ಮೊದಲು ಓಡಾಡಿದವಳನ್ನು ಕಣ್ಣರಳಿಸಿ ನೋಡುತ್ತಿದ್ದಳು.

ತಟ್ಟೆಗೆ ಬಡಿಸಿದರು. ನಿರೂಪಕಿ ತುತ್ತು ತಿಂದು, ಕಣ್ಣು ಮುಚ್ಚಿ, ಆಹಾ ಎಂದು ಕೇಳಿದಳು: "ಇಷ್ಟು ರುಚಿಯಾಗಿ ಮಾಡೋದನ್ನ ಯಾರು ಕಲಿಸಿದ್ರು ನಿಮಗೆ?"

ತಂಗಿ ತಲೆಯೆತ್ತಿ ನೇರವಾಗಿ ಕ್ಯಾಮೆರಾ ನೋಡಿದಳು. ಅಂದರೆ ನಮ್ಮನ್ನೇ ನೋಡಿದಳು. ಬಾಯಿ ತೆರೆದಳು.

ಅವ್ವನ ಬಾಯಿಂದ ಸೆರಗು ಜಾರಿತು. ಮಣ್ಣು ಮಾಡಿದ ದಿನ ಎತ್ತದೆ ಬಿಟ್ಟ ಎಳೆಯನ್ನು ಅವಳು ಅಲ್ಲಿ ಎತ್ತಿದಳು.

"ಹಸಿರ ಸೀರಿ ಉಟ್ಟು ನಿಂತೆಲ್ಲ ನನ ಮಗಳ, ಕರದರ ಓ ಅನವಲ್ಲೆಲ್ಲ ನನ ಬೆಳಕ..."

"ಯವ್ವಾ, ಸುಮ್ಕಿರು!" ನಾನು ಕೂಗಿದೆ. ಅವಳಿಗೆ ಕೇಳಿಸಲಿಲ್ಲ. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಮುಟ್ಟುವ ಧ್ವನಿ ಅದು, ಆ ಸಣ್ಣ ಕೋಣೆ ತುಂಬಿಹೋಯಿತು. ಹುಡುಗಿ ಓಡಿಬಂದು ರಿಮೋಟು ತೆಗೆದುಕೊಂಡು ಧ್ವನಿ ಏರಿಸಿದಳು. ಅವ್ವ ಇನ್ನೂ ಏರಿಸಿದಳು. ಎದೆ ಬಡಿದುಕೊಳ್ಳುತ್ತ ಟಿವಿಯ ಕಡೆ ತೆವಳಿದಳು. ನಾನು ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ತಂಗಿ ತೆರೆಯ ಮೇಲೆ ಮಾತಾಡುತ್ತಲೇ ಇದ್ದಳು. ಕೈ ಆಡಿಸುತ್ತ, ನಡುವೆ ಒಮ್ಮೆ ನಕ್ಕು, ಒಮ್ಮೆ ತಲೆ ತಗ್ಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮಾತಾಡಿದಳು. ಆಮೇಲೆ ಚಪ್ಪಾಳೆ. ಆಮೇಲೆ ಬೇರೆ ಊರಿನ ಬೇರೆ ಹೆಂಗಸು.

"ಏನಂದಳು?" ಎಂದು ನಾನು ಹುಡುಗಿಯನ್ನು ಕೇಳಿದೆ.

"ಕೇಳಿಸಲಿಲ್ರೀ ಅಕ್ಕಾರ. ನಾನೂ ಅಳಾಕತ್ತಿದ್ದೆ."

ಅವ್ವ ಅಷ್ಟರಲ್ಲಿ ಎಚ್ಚರಾದವಳ ಹಾಗೆ ಸುತ್ತ ನೋಡಿದಳು. ತೆರೆಯ ಮೇಲಿನ ಬೇರೆ ಹೆಂಗಸನ್ನು ನೋಡಿ, ನನ್ನನ್ನು ನೋಡಿ, "ಆತೇನು? ಏನಂದಳವ್ವಾ?" ಎಂದಳು. ಮೆಕ್ಯಾನಿಕ್ಕು ಹೇಳಿದ್ದು ನೆನಪಿತ್ತು. ಆದರೆ ಅವಳ ಮುಖ ನೋಡಿಕೊಂಡು ಸುಮ್ಮನೆ ಹೇಗಿರಲಿ? ಹಿಂದಕ್ಕೆ ಓಡಿಸುವ ಗುಂಡಿ ಒತ್ತಿದೆ. ಚಿತ್ರ ಅಲ್ಲೇ ನಿಂತಿತು. ಕಟ್ ಕಟ್ ಕಟ್. ತೆರೆ ಕಪ್ಪಾಯಿತು. ತಂಗಿಯ ಗಂಡ ಒಳಗೆ ಬಂದು ವೈರು ತೆಗೆದು ಹಾಕಿದ, ಕಾರ್ಡು ಒರೆಸಿ ಹಾಕಿದ, ಡಬ್ಬಿಯ ಮೇಲೆ ಮೆಲ್ಲಗೆ ತಟ್ಟಿದ. ಅದು ಮತ್ತೆ ಏಳಲಿಲ್ಲ. ರಾಯಚೂರಿಗೆ ಒಯ್ದು ತೋರಿಸಿದಾಗ ಮೆಕ್ಯಾನಿಕ್ಕು ಕಿವಿಯಿಟ್ಟು ಕೇಳಿ, ಮುಚ್ಚಳ ತೆರೆಯದೆಯೇ ನನ್ನ ಕೈಗೆ ವಾಪಸ್ ಕೊಟ್ಟ.

ಉಳಿದಿರುವುದು ನನ್ನ ಮೊಬೈಲಿನಲ್ಲಿ ಹಿಡಿದದ್ದು. ಶಾಲೆಯ ಕಂಪ್ಯೂಟರ್ ಮಾಸ್ತರರಿಗೂ ತೋರಿಸಿದೆ. ಅವ್ವನ ಧ್ವನಿಯನ್ನು ತೆಗೆದರೆ ತಂಗಿಯದೂ ಹೋಗುತ್ತದೆ ಅಂದರು. ನಾನೊಬ್ಬಳೇ ಕೂತು ಕಿವಿಗೆ ಹಾಕಿಕೊಂಡು ಎಷ್ಟೋ ಸಲ ಕೇಳಿದೆ. ನಿರೂಪಕಿಯ ಪ್ರಶ್ನೆ ಸ್ಪಷ್ಟ. ಅಲ್ಲಿಂದಾಚೆಗೆ ಅವ್ವನೇ. ನಡುವೆ ಸುಮ್ಕಿರು ಎಂಬ ನನ್ನ ಕರ್ಕಶ ಕೂಗು. ಅವ್ವ ಹಾಡಿನಲ್ಲಿ ಏನೆಂದು ಅತ್ತಳೆಂಬುದು ಅಲ್ಲಿ ನನಗೆ ಗೊತ್ತಾಗಿರಲಿಲ್ಲ, ಇಲ್ಲಿ ಒಂದೊಂದು ಅಕ್ಷರವೂ ಕೇಳುತ್ತದೆ.

"ಓದು ಬಿಡಿಸಿದ ಪಾಪಿ ನಾನವ್ವ, ಒಂದು ಮಾತು ಆಡ ನನ ಮಗಳ... ಬೈದರ ಬೈಯ್ಯ ನನ ಕೂಸ, ಸುಮ್ಮನ ಹೋಗಬ್ಯಾಡ..."

ಒಂದು ಮಾತು ಆಡು ಎಂದು ಅವ್ವ ಅಂಗಲಾಚುತ್ತಾಳೆ. ಅದೇ ಹೊತ್ತಿಗೆ ತೆರೆಯ ಮೇಲೆ ತಂಗಿ ಅವಳ ಬಗ್ಗೆಯೇ ಮಾತಾಡುತ್ತಿದ್ದಾಳೆ.

ಇದನ್ನು ಅವ್ವನಿಗೆ ತೋರಿಸಬಾರದು ಎಂದುಕೊಂಡಿದ್ದೆ. ಅವಳು ಬಿಡಲಿಲ್ಲ. ಮೊದಲ ಸಲ ನೋಡಿ, ತನ್ನ ಧ್ವನಿ ಬಂದ ಕೂಡಲೇ ಕಿವಿ ಮುಚ್ಚಿಕೊಂಡಳು. "ನನ್ನ ಬಾಯಿಗೆ ಮಣ್ಣು ಬೀಳಲಿ" ಎಂದು ತನ್ನನ್ನೇ ಬೈದುಕೊಂಡಳು. ಈಗ ನಾನು ಮಾನ್ವಿಗೆ ಹೋದಾಗಲೆಲ್ಲ ಮೊಬೈಲು ಕೇಳುತ್ತಾಳೆ. "ಧ್ವನಿ ತಗದುಬಿಡು" ಅನ್ನುತ್ತಾಳೆ. ಕಣ್ಣಿನ ಹತ್ತಿರ ಹಿಡಿದುಕೊಂಡು, ಓದಲು ಬಾರದ ಆ ಹೆಂಗಸು ಮಗಳ ತುಟಿಯನ್ನು ಓದುತ್ತಾಳೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅದೇ ಜಾಗ ಬಂದಾಗ ಬೆರಳಿಟ್ಟು ನಿಲ್ಲಿಸಲು ಹೇಳುತ್ತಾಳೆ.

"ಇಲ್ಲಿ ನೋಡು. ಇಲ್ಲಿ 'ಯವ್ವ' ಅಂದಳು."

ಹೌದು, ಅಲ್ಲಿ ಯವ್ವ ಅಂದಿದ್ದಾಳೆ. ತುಟಿ ಕೂಡಿ ತೆರೆಯುತ್ತದೆ. ನನಗೂ ಗೊತ್ತಾಗುತ್ತದೆ.

"ಮುಂದಿಂದು ಗೊತ್ತಾಗವಲ್ದು" ಎನ್ನುತ್ತಾಳೆ ಅವ್ವ. "ಮತ್ತ ಹಚ್ಚು."